ಅಪ್ಪನಿಗೆ ಬರೆದ ಕಾಗದ

ನಮ್ಮೂರು ಹುಲಿಗಿ. ಕೊಪ್ಪಳ ಜಿಲ್ಲೆಯ ಈ ಊರನ್ನು ಹೆಚ್ಚಿನವರು ಹುಲಿಗೆಮ್ಮನ ಗುಡಿಯಿಂದಲೇ ಬಲ್ಲರು. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಮುನಿರಾಬಾದ್ ಸ್ಟೇಷನ್ನಿನಿಂದ ಗುಡಿಯವರೆಗೆ ಜನವೋ ಜನ. ಆ ದಾರಿಯಲ್ಲಿ ಅಪ್ಪನದೊಂದು ಹಣ್ಣುಕಾಯಿ ಅಂಗಡಿ ಇದೆ. ತೆಂಗಿನಕಾಯಿ, ಬಾಳೆಹಣ್ಣು, ಊದಿನಕಡ್ಡಿ, ಕುಂಕುಮ, ಭಂಡಾರ, ಹಸಿರು ಬಳೆ ಮಾರಿ ಅಪ್ಪ ನನ್ನನ್ನು ಓದಿಸುತ್ತಿದ್ದಾನೆ. ನಾನು ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದುಕೊಂಡು ಬಿಇ ಸಿವಿಲ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಪಾಸಾದರೆ ನಮ್ಮ ಮನೆತನದಲ್ಲಿ ಮೊದಲ ಎಂಜಿನಿಯರ್ ನಾನೇ.

2024ರ ಆಗಸ್ಟ್ 10ರ ರಾತ್ರಿಯನ್ನು ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ಅಂದು ತುಂಗಭದ್ರಾ ಡ್ಯಾಂನ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಡ್ಯಾಂ ನಮ್ಮೂರಿನ ಹತ್ತಿರದಲ್ಲೇ ಇದೆ. ಅಪ್ಪ ಗಾಬರಿಯಿಂದ ನನಗೆ ಫೋನ್ ಮಾಡಿದ್ದ. ಗೇಟು ಹೋಗುವುದು ಬೇರೆ, ಡ್ಯಾಂ ಒಡೆಯುವುದು ಬೇರೆ ಎಂದು ನನಗೆ ತಿಳಿದಷ್ಟು ಸಮಾಧಾನ ಹೇಳಿದೆ. ವಾರದ ಹೊತ್ತಿಗೆ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಸ್ಟಾಪ್‌ಲಾಗ್ ಎಂದರೇನು, ಅದನ್ನು ಹರಿಯುವ ನೀರಿನಲ್ಲಿ ಹೇಗೆ ಕೂರಿಸುತ್ತಾರೆ ಎಂದು ಫೋನಿನಲ್ಲೇ ಅರ್ಧ ಗಂಟೆ ವಿವರಿಸಿದೆ. ಅದನ್ನು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದನಂತೆ. ಅಪ್ಪನೂ ನಾನೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಕೊನೆ.

ಯಾಕೆಂದರೆ ಅದಾಗಿ ನಾಲ್ಕು ತಿಂಗಳಿಗೆ ನಾನೊಂದು ಕೆಲಸ ಮಾಡಿದೆ. ಫೀ ಕಟ್ಟಲೆಂದು ಅಪ್ಪ ಅವ್ವನ ಕಿವಿಯೋಲೆ ಅಡ ಇಟ್ಟು 22 ಸಾವಿರ ರೂಪಾಯಿ ಕೈಗೆ ಕೊಟ್ಟಿದ್ದ. ಅದನ್ನು ನಾನು ಮೊಬೈಲ್ ಗೇಮಿನಲ್ಲಿ ಮೂರು ರಾತ್ರಿಯಲ್ಲಿ ಕಳೆದೆ. ಮನೆಗೆ ಫೋನ್ ಮಾಡಿ, ಗದಗ ದಾಟಿದ ಮೇಲೆ ರೈಲಿನಲ್ಲಿ ನಿದ್ದೆ ಹತ್ತಿತ್ತು, ಬ್ಯಾಗಿನಿಂದ ಯಾರೋ ದುಡ್ಡು ಎಗರಿಸಿದರು ಎಂದು ಸುಳ್ಳು ಹೇಳಿದೆ. ಅಪ್ಪ ಬೈಯಲಿಲ್ಲ. ಕೈಯಲ್ಲಿ ನಗದು ಕೊಟ್ಟು ಕಳಿಸಿದ್ದು ತನ್ನದೇ ತಪ್ಪು ಎಂದ. ಮತ್ತೆಲ್ಲೋ ಸಾಲ ಮಾಡಿ ಫೀ ಕಟ್ಟಿದ. ನನ್ನ ಕಳ್ಳತನಕ್ಕೆ ಅಪ್ಪ ತನ್ನನ್ನೇ ಬೈದುಕೊಳ್ಳುವುದನ್ನು ಕೇಳಿದ ಮೇಲೆ ಅವನೊಂದಿಗೆ ಮಾತಾಡಲು ನನಗೆ ಬಾಯಿ ಬರಲಿಲ್ಲ. ಅವ್ವ ಫೋನ್ ಮಾಡಿದರೆ ಮಾತಾಡುತ್ತಿದ್ದೆ. ಅಪ್ಪನ ಕೈಗೆ ಫೋನ್ ಹೋದರೆ ಕ್ಲಾಸಿದೆ ಎಂದು ಕಟ್ ಮಾಡುತ್ತಿದ್ದೆ. ಅದೇ ಸೆಮಿಸ್ಟರಿನಲ್ಲಿ ಮೂರು ಸಬ್ಜೆಕ್ಟ್ ಹೋದವು. ಹೀಗೇ ಒಂಬತ್ತು ತಿಂಗಳು ಕಳೆಯಿತು.

ಈ ಸಲ ಗಾಂಧಿ ಜಯಂತಿಗೆ ಪ್ರಬಂಧ ಸ್ಪರ್ಧೆ, ಬಹುಮಾನ ಒಂದು ಸಾವಿರ ರೂಪಾಯಿ ಎಂದು ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ನಿಜ ಹೇಳಬೇಕೆಂದರೆ ನನ್ನನ್ನು ಲೈಬ್ರರಿಗೆ ಎಳೆದದ್ದು ಗಾಂಧಿಯಲ್ಲ, ಆ ಸಾವಿರ ರೂಪಾಯಿ. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಕನ್ನಡಕ್ಕೆ ತಂದಿರುವ ಗಾಂಧೀಜಿಯ ಆತ್ಮಕಥೆ ಸಿಕ್ಕಿತು. ಮೊದಲ ಕೆಲವು ಅಧ್ಯಾಯಗಳಲ್ಲೇ ನಾನು ಸಿಕ್ಕಿಬಿದ್ದೆ.

ಮೋಹನದಾಸ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ಅಪ್ಪ ಕರಮಚಂದ ಗಾಂಧಿ ಸಂಸ್ಥಾನದ ದಿವಾನರು. ಹುಡುಗನಿಗೆ ಹದಿನೈದು ವರ್ಷವಿದ್ದಾಗ ಅವನ ಅಣ್ಣ ಸುಮಾರು 25 ರೂಪಾಯಿ ಸಾಲ ಮಾಡಿಕೊಂಡಿದ್ದ. ಅದನ್ನು ತೀರಿಸಲು ಮೋಹನದಾಸ ಅಣ್ಣನದೇ ಚಿನ್ನದ ಕಡಗದಿಂದ ಒಂದು ಚೂರು ಕತ್ತರಿಸಿದ. ಸಾಲ ತೀರಿತು. ಯಾರಿಗೂ ಗೊತ್ತಾಗಲಿಲ್ಲ. ಆದರೆ ಅವನಿಗೆ ಗೊತ್ತಿತ್ತಲ್ಲ! ಅಪ್ಪನ ಎದುರು ನಿಂತು ಹೇಳುವ ಧೈರ್ಯ ಇರಲಿಲ್ಲ. ಹೊಡೆಯುತ್ತಾರೆ ಎಂಬ ಭಯ ಅದಲ್ಲ, ಕೇಳಿದರೆ ಅಪ್ಪ ಎಷ್ಟು ನೊಂದುಕೊಳ್ಳುತ್ತಾರೋ ಎಂಬ ಭಯ. ಕೊನೆಗೆ ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದ. ತಪ್ಪು ಒಪ್ಪಿಕೊಂಡ, ತಕ್ಕ ಶಿಕ್ಷೆ ಕೇಳಿದ, ನನ್ನ ತಪ್ಪಿಗೆ ನೀವು ನಿಮ್ಮನ್ನು ದಂಡಿಸಿಕೊಳ್ಳಬೇಡಿ ಎಂದು ಬೇಡಿಕೊಂಡ, ಇನ್ನೆಂದೂ ಕದಿಯುವುದಿಲ್ಲ ಎಂದು ಮಾತು ಕೊಟ್ಟ. ಕಾಯಿಲೆಯಿಂದ ಹಲಗೆಯ ಮೇಲೆ ಮಲಗಿದ್ದ ಅಪ್ಪನ ಕೈಗೆ ಚೀಟಿ ಕೊಟ್ಟು, ನಡುಗುತ್ತಾ ಎದುರು ಕೂತ.

ಕರಮಚಂದರು ಎದ್ದು ಕೂತು ಓದಿದರು. ಕಣ್ಣೀರು ಹರಿದು ಕಾಗದ ಒದ್ದೆಯಾಯಿತು. ಒಂದು ಗಳಿಗೆ ಕಣ್ಣುಮುಚ್ಚಿ ಯೋಚಿಸಿ, ಚೀಟಿಯನ್ನು ಹರಿದುಹಾಕಿ ಮತ್ತೆ ಮಲಗಿಕೊಂಡರು. ಒಂದು ಮಾತೂ ಆಡಲಿಲ್ಲ. ಮಗನೂ ಅತ್ತ. ಮರುವರ್ಷ, 1885ರಲ್ಲಿ, ಕರಮಚಂದರು ತೀರಿಹೋದರು. ಅಂದರೆ ಅಪ್ಪ ಮಗನ ನಡುವೆ ಉಳಿದಿದ್ದ ಸಮಯ ಬಹಳ ಕಡಿಮೆಯಿತ್ತು. ಆ ಚೀಟಿ ಬರೆಯದೆ ಹೋಗಿದ್ದರೆ ಅದು ಎಂದೆಂದಿಗೂ ಬಾಕಿ ಉಳಿಯುತ್ತಿತ್ತು.

ಅಲ್ಲಿಗೆ ಪುಸ್ತಕ ಮುಚ್ಚಿಟ್ಟು ಹೊರಗೆ ಬಂದೆ. ಅವನು ಕತ್ತರಿಸಿದ್ದು ಅಣ್ಣನ ಕಡಗ, ನಾನು ಕಳೆದದ್ದು ಅವ್ವನ ಕಿವಿಯೋಲೆ. ವ್ಯತ್ಯಾಸವೆಂದರೆ ಅವನು ಬರೆದಿದ್ದ, ನಾನು ಬರೆದಿರಲಿಲ್ಲ. ಪ್ರಬಂಧದ ವಿಷಯ ಅಲ್ಲೇ ಬದಲಾಯಿತು. ಗಾಂಧೀಜಿಯ ಸತ್ಯಾಗ್ರಹ, ಉಪವಾಸಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದರು. ನಾನು ಅವರ ಕಾಗದಗಳನ್ನು ಹುಡುಕಲು ಶುರುಮಾಡಿದೆ. ಅವರ ಬರಹಗಳನ್ನೆಲ್ಲ ಸೇರಿಸಿ ಭಾರತ ಸರ್ಕಾರ ತಂದ ಇಂಗ್ಲಿಷ್ ಸಂಪುಟಗಳು 100. ಮೊದಲನೆಯದು 1958ರಲ್ಲಿ ಬಂತು, ಮುಗಿಯುವಾಗ 1994. ಅವುಗಳಲ್ಲಿ ಎಲ್ಲಿ ತೆರೆದರೂ ಕಾಗದಗಳೇ. ಒಬ್ಬ ಮನುಷ್ಯ ಜೀವಮಾನವಿಡೀ ಇಷ್ಟು ಜನರಿಗೆ ಬರೆಯಲು ಹೇಗೆ ಸಾಧ್ಯ?

1888ರಲ್ಲಿ ಹದಿನೆಂಟರ ಹುಡುಗ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೊರಟ. ಮೂರು ವರ್ಷ ಅವನಿಗೂ ಮನೆಗೂ ಇದ್ದ ಎಳೆ ಟಪಾಲು ಮಾತ್ರ. 1891ರಲ್ಲಿ ಓದು ಮುಗಿಸಿ ಬಂದು ಮುಂಬೈಯಲ್ಲಿ ಹಡಗಿನಿಂದ ಇಳಿದಾಗ ತಾಯಿ ಪುತಲೀಬಾಯಿ ಇರಲಿಲ್ಲ. ಅವರು ಮೊದಲೇ ತೀರಿಹೋಗಿದ್ದರು. ಪರದೇಶದಲ್ಲಿ ಒಂಟಿಯಾಗಿರುವ ತಮ್ಮ ಕಂಗೆಡದಿರಲಿ ಎಂದು ಅಣ್ಣ ಆ ಸುದ್ದಿಯನ್ನು ಬರೆದಿರಲೇ ಇಲ್ಲ. ಅಣ್ಣನದು ಪ್ರೀತಿಯೇ. ಆದರೂ ತಾಯಿಯ ಬಳಿ ಓಡಿಹೋಗಬೇಕೆಂದು ಬಂದವನಿಗೆ ಆ ಬರೆಯದ ಕಾಗದ ಎಂಥ ಪೆಟ್ಟು ಕೊಟ್ಟಿರಬೇಕು! ಮುಂದೆ ಅವರು ಕೆಟ್ಟ ಸುದ್ದಿಯನ್ನೂ ಕಹಿ ಮಾತನ್ನೂ ಮುಚ್ಚಿಡದೆ ಬರೆಯುವವರಾದರು. ಅದರ ಬೇರು ಇಲ್ಲೂ ಇದೆಯೇನೋ ಎಂದು ನನಗನಿಸುತ್ತದೆ.

1893ರಲ್ಲಿ ಒಂದು ಮೊಕದ್ದಮೆಯ ಕೆಲಸಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ಹೋದದ್ದು ಒಂದು ವರ್ಷಕ್ಕೆಂದು, ಅಲ್ಲಿನ ನಂಟು ಕಡಿದದ್ದು 1914ರಲ್ಲಿ. ಅರ್ಜಿ, ಮನವಿ, ಪತ್ರಿಕೆಗಳಿಗೆ ಕಾಗದ, ಅಧಿಕಾರಿಗಳಿಗೆ ಕಾಗದ, ಹೀಗೆ ಬರೆದೂ ಬರೆದೂ ಅವರ ಕೈ ಪಳಗಿದ್ದು ಅಲ್ಲೇ. 1909ರಲ್ಲಿ ಇಂಗ್ಲೆಂಡಿನಿಂದ ಆಫ್ರಿಕಾಕ್ಕೆ ಮರಳುವಾಗ ಹಡಗಿನಲ್ಲೇ ಹಿಂದ್ ಸ್ವರಾಜ್ ಪುಸ್ತಕ ಬರೆದರು. ಬಲಗೈ ಸೋತಾಗ ಎಡಗೈಗೆ ಲೇಖನಿ ಬದಲಾಯಿಸಿಕೊಂಡರು. ಮುಂದೆ ಕಾಗದಗಳ ರಾಶಿ ಬೆಳೆದಂತೆ ಈ ಎರಡು ಕೈಗಳ ಅಭ್ಯಾಸವೇ ಅವರನ್ನು ಕಾಪಾಡಿತು.

ಅದೇ 1909ರ ಅಕ್ಟೋಬರ್ 1ರಂದು ಲಂಡನ್ನಿನಿಂದ ಅವರು ಒಂದು ಕಾಗದ ಬರೆದಿದ್ದರು, ರಷ್ಯಾದ ಟಾಲ್‌ಸ್ಟಾಯ್ ಅವರಿಗೆ. ಇವರಿಗೆ ನಲವತ್ತು, ಅವರಿಗೆ ಎಂಬತ್ತು ದಾಟಿತ್ತು. ಲೋಕವೆಲ್ಲ ಬಲ್ಲ ಸಾಹಿತಿ ಆ ಅಪರಿಚಿತ ವಕೀಲನಿಗೆ ಉತ್ತರ ಬರೆದರು. ಒಂದು ವರ್ಷ ಕಾಗದಗಳು ಓಡಾಡಿದವು. 1910ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರ ಸತ್ಯಾಗ್ರಹಿಗಳ ಕುಟುಂಬಗಳಿಗಾಗಿ ನೆಲೆ ಮಾಡಿದಾಗ ಅದಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದೇ ಹೆಸರಿಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಟಾಲ್‌ಸ್ಟಾಯ್ ದೀರ್ಘವಾದ ಕಾಗದವೊಂದನ್ನು ಬರೆದರು, ನವೆಂಬರಿನಲ್ಲಿ ತೀರಿಕೊಂಡರು. ಇಬ್ಬರೂ ಒಮ್ಮೆಯೂ ಮುಖ ನೋಡಲಿಲ್ಲ, ಒಬ್ಬರ ದನಿ ಒಬ್ಬರು ಕೇಳಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಪಕ್ಕದ ಮಂಚದವನಿಗೂ ಮೆಸೇಜ್ ಹಾಕಿ ಸುಮ್ಮನಾಗುವ ನಮಗೆ ಇದು ಕತೆಯಂತೆ ಕಾಣುತ್ತದೆ.

ಆದರೆ ಅವರ ಕಾಗದಗಳೆಲ್ಲ ಮೃದುವಾಗಿದ್ದವು ಎಂದುಕೊಳ್ಳಬೇಡಿ. 1908ರ ನವೆಂಬರಿನಲ್ಲಿ ಅವರು ಆಫ್ರಿಕಾದ ಜೈಲಿನಲ್ಲಿದ್ದಾಗ ಕಸ್ತೂರಬಾ ರಕ್ತಸ್ರಾವದಿಂದ ಸಾಯುವ ಸ್ಥಿತಿಯಲ್ಲಿದ್ದರು. ದಂಡ ಕಟ್ಟಿದ್ದರೆ ಗಾಂಧೀಜಿ ಬಿಡುಗಡೆಯಾಗಿ ಹೆಂಡತಿಯ ಬಳಿ ಹೋಗಬಹುದಿತ್ತು. ಕಟ್ಟಿದರೆ ಹೋರಾಟಕ್ಕೆ ದ್ರೋಹ ಎಂದು ಅವರು ಹೋಗಲಿಲ್ಲ. ಜೈಲಿನಿಂದ ಗುಜರಾತಿಯಲ್ಲಿ ಕಾಗದ ಬರೆದರು. ತಾನು ಬರಲಾರೆ, ಧೈರ್ಯವಾಗಿರು, ಒಂದು ವೇಳೆ ನೀನು ಹೋದರೂ ನನ್ನ ಪಾಲಿಗೆ ಬದುಕಿಯೇ ಇರುತ್ತೀ ಎಂಬರ್ಥದ ಕಾಗದ. ಅದರಲ್ಲಿ ಪ್ರೀತಿ ಇಲ್ಲವೆನ್ನಲಾರೆ. ಆದರೂ ಹಾಸಿಗೆ ಹಿಡಿದವರಿಗೆ ಬೇಕಾಗಿದ್ದದ್ದು ಕಾಗದವೋ ಗಂಡನೋ? ಕಸ್ತೂರಬಾ ಬದುಕುಳಿದರು ಎಂಬುದಷ್ಟೇ ನಮ್ಮ ಸಮಾಧಾನ. ಹತ್ತಿರ ಹೋಗಬೇಕಾದಲ್ಲಿ ಕಾಗದ ಕಳಿಸುವುದು ಸಾಲದು ಎಂದು ಈ ಪ್ರಸಂಗ ಓದಿದಾಗ ಅನಿಸಿತು.

1915ರಲ್ಲಿ ಭಾರತಕ್ಕೆ ಬಂದ ಮೇಲೆ ಅವರ ಟಪಾಲಿಗೆ ಕಡಿವಾಣವೇ ಇರಲಿಲ್ಲ. ಆ ಕಾಲಕ್ಕೆ ಪೋಸ್ಟ್‌ಕಾರ್ಡು ಬಡವರ ಫೋನ್ ಇದ್ದಂತೆ. ನಮ್ಮ ದೇಶದಲ್ಲಿ ಅದು 1879ರಲ್ಲಿ ಕಾಲಾಣೆ ಬೆಲೆಗೆ ಶುರುವಾಗಿತ್ತು. ಗಾಂಧೀಜಿಗೆ ಕಾರ್ಡೆಂದರೆ ಪ್ರೀತಿ. ಬಂದ ಲಕೋಟೆಗಳನ್ನು ಬಿಡಿಸಿ, ಒಳಮೈಯ ಖಾಲಿ ಜಾಗದಲ್ಲೂ ಬರೆಯುತ್ತಿದ್ದರು. ವಿಳಾಸ ಗೊತ್ತಿಲ್ಲದವರು ಗಾಂಧೀಜಿ ಎಲ್ಲಿದ್ದಾರೋ ಅಲ್ಲಿಗೆ ಎಂದು ಬರೆದು ಡಬ್ಬಿಗೆ ಹಾಕಿದರೂ ಕಾಗದ ತಲುಪುತ್ತಿತ್ತು. ಇಂಗ್ಲೆಂಡಿನ ನೌಕಾಪಡೆಯ ಅಡ್ಮಿರಲ್ ಒಬ್ಬರ ಮಗಳು ಮ್ಯಾಡೆಲಿನ್ ಸ್ಲೇಡ್ ಹೀಗೆಯೇ ಕಾಗದ ಬರೆದು ಪರಿಚಯವಾದವರು. 1925ರ ನವೆಂಬರಿನಲ್ಲಿ ಅವರು ಸಾಬರಮತಿ ಆಶ್ರಮಕ್ಕೇ ಬಂದರು, ಗಾಂಧೀಜಿ ಅವರಿಗೆ ಮೀರಾ ಎಂದು ಹೆಸರಿಟ್ಟರು.

ಈಗ ನಮ್ಮ ಕರ್ನಾಟಕಕ್ಕೆ ಬರೋಣ. 1927ರ ಮಾರ್ಚ್ ಕೊನೆಯಲ್ಲಿ ಖಾದಿಗಾಗಿ ಊರೂರು ತಿರುಗುತ್ತಿದ್ದ ಗಾಂಧೀಜಿ ಕೊಲ್ಹಾಪುರ, ನಿಪ್ಪಾಣಿ ಭಾಗದಲ್ಲಿ ಕುಸಿದರು. ರಕ್ತದೊತ್ತಡ ಏರಿತ್ತು. ವೈದ್ಯರು ಪ್ರವಾಸ ನಿಲ್ಲಿಸಿ ಮಲಗಬೇಕೆಂದರು. ಅಂಬೋಲಿಯಲ್ಲಿ ಕೆಲವು ದಿನ ಇದ್ದು, ಏಪ್ರಿಲ್‌ನಲ್ಲಿ ನಂದಿ ಬೆಟ್ಟಕ್ಕೆ ಬಂದರು. ಅಲ್ಲಿನ ತಂಪು ಗಾಳಿಯಲ್ಲಿ ಒಂದೂವರೆ ತಿಂಗಳು ಇದ್ದು, ಜೂನ್‌ನಲ್ಲಿ ಬೆಂಗಳೂರಿಗೆ ಇಳಿದರು. ನಂದಿಗೆ ಹೋದವರೆಲ್ಲ ಸೂರ್ಯೋದಯದ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತೇವೆ. ಅವರು ತಂಗಿದ್ದ ಮನೆ ಈಗ ಗಾಂಧಿ ನಿಲಯ. ಮುಂದಿನ ಸಲ ಹೋದಾಗ ಅದರ ಮುಂದೆ ಎರಡು ನಿಮಿಷ ನಿಲ್ಲಿ.

ಏಕೆಂದರೆ ಮಲಗಬೇಕಾದ ಆ ಮನುಷ್ಯ ಅಲ್ಲಿಂದ ಕಾಗದ ಬರೆಯುವುದನ್ನು ನಿಲ್ಲಿಸಲಿಲ್ಲ. ಸೋಮವಾರ ಅವರ ಮೌನದ ದಿನ. ಆ ದಿನ ಸಾಬರಮತಿ ಆಶ್ರಮದ ಹೆಣ್ಣುಮಕ್ಕಳಿಗೆಂದೇ ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ಅದರಲ್ಲಿ ದೊಡ್ಡ ರಾಜಕೀಯ ಇರುತ್ತಿರಲಿಲ್ಲ. ಅಡುಗೆಮನೆಯ ಕೆಲಸ ಹಂಚಿಕೊಳ್ಳುವುದು ಹೇಗೆ, ಒಬ್ಬರಿಗೊಬ್ಬರು ಮುನಿಸಿಕೊಂಡರೆ ಏನು ಮಾಡಬೇಕು, ಭಯ ಬಿಡುವುದು ಹೇಗೆ, ಇಂಥವು. ಬಾಪುವನ್ನು ಬಿಟ್ಟು ದೂರ ಇರಬೇಕಾಗಿ ಬಂದ ಮೀರಾಬೆನ್ ಕುಗ್ಗಿಹೋಗಿದ್ದರು. ಅವರಿಗೂ ಬೆಟ್ಟದಿಂದ ಮೇಲಿಂದ ಮೇಲೆ ಕಾಗದ ಹೋದವು. ಸ್ವತಃ ಕಾಯಿಲೆ ಬಿದ್ದವರು ಆರೋಗ್ಯವಾಗಿದ್ದವರಿಗೆ ಧೈರ್ಯ ತುಂಬುತ್ತಿದ್ದರು. ನನಗನಿಸುವುದು, ಅದರಿಂದ ಅವರೂ ಚೇತರಿಸಿಕೊಂಡಿರಬೇಕು. ಆಗಸ್ಟ್ ಹೊತ್ತಿಗೆ ಅವರು ಮತ್ತೆ ಪ್ರವಾಸ ಹೊರಡುವಷ್ಟು ಸುಧಾರಿಸಿದ್ದರು.

ಶತ್ರುವಿಗೂ ಅವರು ಕಾಗದ ಬರೆದೇ ಯುದ್ಧ ಹೂಡುತ್ತಿದ್ದರು. 1930ರ ಮಾರ್ಚ್ 2ರಂದು ವೈಸರಾಯ್ ಲಾರ್ಡ್ ಇರ್ವಿನ್ನರಿಗೆ ಬರೆದರು. ಉಪ್ಪಿನ ಕಾನೂನು ಮುರಿಯುತ್ತೇನೆ, ಅದಕ್ಕೆ ಮೊದಲು ಮಾತಾಡೋಣ ಎಂಬುದು ಸಾರಾಂಶ. ಸಂಬೋಧನೆ ಮಾತ್ರ ಪ್ರಿಯ ಮಿತ್ರ ಎಂದು. ಅದನ್ನು ಕೈಯಾರೆ ತಲುಪಿಸಿದ್ದು ಇಂಗ್ಲಿಷ್ ತರುಣ ರೆಜಿನಾಲ್ಡ್ ರೆನಾಲ್ಡ್ಸ್. ಜಗಳ ಆಡಳಿತದೊಂದಿಗೆ, ಇಂಗ್ಲಿಷರೊಂದಿಗಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಟಪಾಲಿನವ ಬೇಕೇ? ವೈಸರಾಯರ ಕಡೆಯಿಂದ ಬಂದದ್ದು ನಾಲ್ಕು ಸಾಲಿನ ಒಣ ಉತ್ತರ. ಮಾರ್ಚ್ 12ರಂದು ದಂಡಿಗೆ ನಡಿಗೆ ಹೊರಟಿತು. ಆದರೆ ಬಾಗಿಲು ಮುಚ್ಚಿರಲಿಲ್ಲ. ಒಂದು ವರ್ಷದ ಮೇಲೆ, 1931ರ ಮಾರ್ಚ್ 5ರಂದು, ಅದೇ ಇರ್ವಿನ್ ಅದೇ ಗಾಂಧಿಯೊಂದಿಗೆ ಕೂತು ಒಪ್ಪಂದಕ್ಕೆ ಸಹಿ ಹಾಕಿದರು.

ರವೀಂದ್ರನಾಥ ಟ್ಯಾಗೋರರಿಗೂ ಗಾಂಧೀಜಿಗೂ ಅಸಹಕಾರ, ಚರಕ ಎಂದು ಹಲವು ವಿಷಯಗಳಲ್ಲಿ ಬಹಿರಂಗವಾಗಿಯೇ ಭಿನ್ನಾಭಿಪ್ರಾಯ ಇತ್ತು. ಆದರೂ 1932ರ ಸೆಪ್ಟೆಂಬರ್ 20ರಂದು ಯೆರವಡಾ ಜೈಲಿನಲ್ಲಿ ಉಪವಾಸ ಶುರುಮಾಡುವ ಮುನ್ನ, ನಸುಕಿನ ಮೂರು ಗಂಟೆಗೆ ಎದ್ದು ಟ್ಯಾಗೋರರಿಗೆ ಕಾಗದ ಬರೆದರು. ಒಪ್ಪಿಗೆಯಿದ್ದರೆ ಹರಸಿ, ಇಲ್ಲದಿದ್ದರೆ ನೇರವಾಗಿ ಟೀಕಿಸಿ ಎಂಬ ಭಾವ. ಆ ಹಿರಿಯರು ಪುಣೆಗೇ ಬಂದರು. ಸೆಪ್ಟೆಂಬರ್ 26ರಂದು ಉಪವಾಸ ಮುಗಿಯುವಾಗ ಪಕ್ಕದಲ್ಲಿದ್ದರು.

ಅದೇ ಜೈಲಿನಲ್ಲಿ ಪರಚುರೆ ಶಾಸ್ತ್ರಿ ಎಂಬ ಸಂಸ್ಕೃತ ವಿದ್ವಾಂಸರು ಇದ್ದರು. ಅವರಿಗೆ ಕುಷ್ಠರೋಗ. ಬೇರೆ ಕಡೆ ಇಟ್ಟಿದ್ದರು. ಭೇಟಿಗೆ ಅನುಮತಿ ಸಿಗದಿದ್ದಾಗ ಗಾಂಧೀಜಿ ಒಂದೇ ಜೈಲಿನ ಒಳಗಿಂದ ಒಳಗೆ ಅವರಿಗೆ ಕಾಗದ ಬರೆದರು. ವರ್ಷಗಳ ನಂತರ ಎಲ್ಲರಿಂದಲೂ ದೂರವಾಗಿದ್ದ ಶಾಸ್ತ್ರಿಗಳು ಸೇವಾಗ್ರಾಮಕ್ಕೆ ಬಂದಾಗ ಅಲ್ಲೇ ಗುಡಿಸಲು ಕೊಟ್ಟು, ತಮ್ಮ ಕೈಯಿಂದಲೇ ಅವರ ಮೈ ತಿಕ್ಕಿ ಆರೈಕೆ ಮಾಡಿದರು. ಕಾಗದದಿಂದ ಶುರುವಾದದ್ದು ಕೈಯ ಮುಟ್ಟುವಿಕೆಯವರೆಗೆ ಬಂದು ತಲುಪಿತ್ತು. ಕಸ್ತೂರಬಾ ಪ್ರಸಂಗದಲ್ಲಿ ನನಗೆ ಚುಚ್ಚಿದ ಪ್ರಶ್ನೆಗೆ ಇಲ್ಲಿ ಅರ್ಧ ಉತ್ತರ ಸಿಕ್ಕಿತು.

ಇನ್ನರ್ಧ ಸಿಕ್ಕಲಿಲ್ಲ, ಕಾರಣ ಹರಿಲಾಲ. ಗಾಂಧೀಜಿಯ ಹಿರಿಯ ಮಗ, 1888ರಲ್ಲಿ ಹುಟ್ಟಿದವರು. ಅಪ್ಪನಂತೆ ತಾನೂ ಇಂಗ್ಲೆಂಡಿಗೆ ಹೋಗಿ ಬ್ಯಾರಿಸ್ಟರ್ ಆಗಬೇಕೆಂದು ಆಸೆಪಟ್ಟರು, ಅಪ್ಪ ಕಳಿಸಲಿಲ್ಲ. ಆಫ್ರಿಕಾದ ಹೋರಾಟದಲ್ಲಿ ಮಗ ಮತ್ತೆ ಮತ್ತೆ ಜೈಲಿಗೆ ಹೋದರು. 1911ರಲ್ಲಿ ಮನೆ ಬಿಟ್ಟರು. 1915ರಲ್ಲಿ ತಮ್ಮ ನೋವನ್ನೆಲ್ಲ ಅಪ್ಪನಿಗೆ ಬಹಿರಂಗ ಪತ್ರವಾಗಿ ಬರೆದರು. ಅಪ್ಪನೂ ವರ್ಷಗಟ್ಟಲೆ ಬರೆದರು. ಕುಡಿತ, ಸಾಲ, ಸೋಲುಗಳಲ್ಲಿ ಮಗ ಮುಳುಗುತ್ತಾ ಹೋದರು. 1936ರ ಬೇಸಿಗೆಯಲ್ಲಿ ಗಾಂಧೀಜಿ ಮತ್ತೆ ನಮ್ಮ ನಂದಿ ಬೆಟ್ಟಕ್ಕೆ ವಿಶ್ರಾಂತಿಗೆ ಬಂದಿದ್ದರು. ಅದೇ ಬೇಸಿಗೆಯಲ್ಲಿ ಅಪ್ಪ ಮಗನ ಬಿರುಕು ಇನ್ನೊಮ್ಮೆ ಪತ್ರಿಕೆಗಳಲ್ಲಿ ಊರಿಗೆಲ್ಲ ತಿಳಿಯಿತು. ವೈಸರಾಯನನ್ನು ಮಾತಿಗೆ ಕರೆತಂದ ಲೇಖನಿ ಹೆತ್ತ ಮಗನನ್ನು ಮನೆಗೆ ಕರೆತರಲಿಲ್ಲ. 1948ರ ಜನವರಿ 30ರಂದು ಗಾಂಧೀಜಿ ಗುಂಡಿಗೆ ಬಲಿಯಾದರು. ಅದೇ ಜೂನ್‌ನಲ್ಲಿ ಹರಿಲಾಲ ಮುಂಬೈಯ ಆಸ್ಪತ್ರೆಯೊಂದರಲ್ಲಿ ಕ್ಷಯದಿಂದ ತೀರಿಕೊಂಡರು.

ಏಕೆ ಹೀಗಾಯಿತು? ನಾನು ಇಪ್ಪತ್ತರ ಹುಡುಗ, ದೊಡ್ಡವರ ಸಂಸಾರದ ತೀರ್ಪು ಹೇಳಲು ಯೋಗ್ಯನಲ್ಲ. ಆದರೂ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹದಿನೈದರ ಮೋಹನದಾಸ ತನ್ನ ಅಪ್ಪನಿಗೆ ಬರೆದದ್ದು ತನ್ನ ತಪ್ಪಿನಿಂದ ಶುರುವಾಗುತ್ತದೆ. ಅದರಲ್ಲಿ ತನ್ನನ್ನು ಉಳಿಸಿಕೊಳ್ಳುವ ಉಪಾಯ ಒಂದೂ ಇಲ್ಲ. ಅಪ್ಪನಾದ ಗಾಂಧಿ ಮಗನಿಗೆ ಬರೆದವುಗಳಲ್ಲಿ ಪ್ರೀತಿಯ ಜೊತೆ ಉಪದೇಶ ಹೆಚ್ಚು. ಬುದ್ಧಿಮಾತು ಎಷ್ಟೇ ಸರಿಯಿದ್ದರೂ ನೊಂದವನಿಗೆ ಅದು ಇನ್ನೊಂದು ಏಟಿನಂತೆಯೇ ಕಾಣುತ್ತದೆ. ಕಾಗದಕ್ಕೆ ಗಾಯ ಮಾಯಿಸುವ ಶಕ್ತಿ ಇರುವುದು ನಿಜ. ಆದರೆ ಆ ಶಕ್ತಿ ಶಾಯಿಯಲ್ಲಿಲ್ಲ, ಅಂಚೆಯಲ್ಲೂ ಇಲ್ಲ. ಬರೆಯುವವನು ಮೊದಲು ತಾನು ತಲೆ ತಗ್ಗಿಸಿದ್ದಾನೋ ಇಲ್ಲವೋ ಎಂಬುದರಲ್ಲಿದೆ.

ಕೆಲವು ಕಾಗದಗಳು ತಲುಪುವುದೂ ಇಲ್ಲ. 1939ರ ಜುಲೈ 23ರಂದು ಯುದ್ಧ ತಪ್ಪಿಸೆಂದು ಹಿಟ್ಲರನಿಗೆ ಬರೆದದ್ದನ್ನು ಬ್ರಿಟಿಷ್ ಸರ್ಕಾರ ಮುಂದೆ ಹೋಗಲು ಬಿಡಲಿಲ್ಲ. 1942ರಲ್ಲಿ ಆಗಾಖಾನ್ ಅರಮನೆಯಲ್ಲಿ ಬಂಧಿಸಿದಾಗ ಮನೆಯವರಿಗೆ, ಅದೂ ಮನೆಯ ವಿಷಯ ಮಾತ್ರ ಬರೆಯಬಹುದು ಎಂದರು. ತನಗೆ ಬೇರೆ ಮನೆಯವರು, ಹೊರಗಿನವರು ಎಂಬುದಿಲ್ಲ, ಹಾಗಿದ್ದರೆ ಆ ಸವಲತ್ತೇ ಬೇಡ ಎಂದರು ಗಾಂಧೀಜಿ. ಅಷ್ಟು ಬರೆದ ಕೈ ಸುಮ್ಮನಾಯಿತು. ಮಗನಂತಿದ್ದ ಕಾರ್ಯದರ್ಶಿ ಮಹಾದೇವ ದೇಸಾಯಿ ಅಲ್ಲೇ 1942ರ ಆಗಸ್ಟ್ 15ರಂದು ತೀರಿಕೊಂಡರು, ಕಸ್ತೂರಬಾ 1944ರ ಫೆಬ್ರುವರಿ 22ರಂದು. ಈ ಸಲ ಹೆಂಡತಿಯ ಕೊನೆಗಳಿಗೆಯಲ್ಲಿ ಅವರು ಪಕ್ಕದಲ್ಲಿದ್ದರು. 1908ರಲ್ಲಿ ಕಾಗದವಷ್ಟೇ ಹೋಗಿತ್ತು, ಈಗ ಅವರೇ ಇದ್ದರು.

ಇಷ್ಟು ಓದಿ ಟಿಪ್ಪಣಿ ಮಾಡಿಕೊಂಡ ರಾತ್ರಿ ಪ್ರಬಂಧ ಬರೆಯಲು ಕೂತವನು ಅದನ್ನು ಬದಿಗಿಟ್ಟೆ. ಮರುದಿನ ಪೋಸ್ಟಾಫೀಸಿಗೆ ಹೋಗಿ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಲೆಟರ್ ಕೊಂಡೆ. ಹಾಗೆ ನೋಡಿದರೆ ಅದು ನನ್ನ ಜೀವನದ ಮೊದಲ ಕಾಗದ. ಶಾಲೆಯಲ್ಲಿ ರಜಾ ಅರ್ಜಿ ಬರೆದದ್ದು ಬಿಟ್ಟರೆ ನಾನು ಯಾರಿಗೂ ಬರೆದವನಲ್ಲ. ಮೂರು ಸಲ ನೋಟ್‌ಬುಕ್ಕಿನಲ್ಲಿ ಬರೆದು ಹೊಡೆದುಹಾಕಿದೆ. ಮೊದಲನೆಯದರಲ್ಲಿ ಗೆಳೆಯರು ಹುರಿದುಂಬಿಸಿದರು ಎಂದಿತ್ತು. ಎರಡನೆಯದರಲ್ಲಿ ಆ ಗೇಮೇ ಹಾಗೆ, ಬಿಡಿಸಿಕೊಳ್ಳಲಾಗದು ಎಂದಿತ್ತು. ಅವೆಲ್ಲ ತಪ್ಪಿಸಿಕೊಳ್ಳುವ ದಾರಿಗಳು ಎಂದು ನನಗೇ ನಾಚಿಕೆಯಾಯಿತು. ಕೊನೆಗೆ ಇಷ್ಟೇ ಬರೆದೆ. ರೈಲಿನಲ್ಲಿ ಕಳ್ಳತನ ಆಗಿಲ್ಲ. ಕಳ್ಳ ನಾನೇ. ನಗದು ಕೊಟ್ಟದ್ದು ನಿನ್ನ ತಪ್ಪಲ್ಲ, ಹಾಗೆ ಇನ್ನೊಮ್ಮೆ ಅನ್ನಬೇಡ. ಮೂರು ಸಬ್ಜೆಕ್ಟ್ ಹೋಗಿವೆ. ನೀನು ಏನು ಹೇಳುತ್ತೀಯೋ ಅದಕ್ಕೆ ತಯಾರಿದ್ದೇನೆ.

ಡಬ್ಬಿಗೆ ಹಾಕಿದ ಮೇಲೆ ಕೈ ಒಳಗೆ ಹಾಕಿ ವಾಪಸ್ ತೆಗೆದುಕೊಳ್ಳೋಣ ಎನಿಸಿತು. ವಾಟ್ಸ್ಆ್ಯಪ್ ಆಗಿದ್ದರೆ ಖಂಡಿತ ಡಿಲೀಟ್ ಮಾಡುತ್ತಿದ್ದೆ. ನಾಲ್ಕು ದಿನ, ಐದು ದಿನ, ಒಂದು ವಾರ. ಅವ್ವ ಫೋನ್ ಮಾಡಿದಳು, ಕಾಗದದ ಮಾತೇ ಇಲ್ಲ. ಅಪ್ಪನಿಗೆ ಕೊಡು ಎನ್ನಲು ನನಗೆ ಧೈರ್ಯ ಬರಲಿಲ್ಲ.

ಹನ್ನೊಂದನೇ ದಿನ ಹಾಸ್ಟೆಲ್ ಆಫೀಸಿನಲ್ಲಿ ನನ್ನ ಹೆಸರಿಗೆ ಒಂದು ಪೋಸ್ಟ್‌ಕಾರ್ಡ್ ಬಂದಿತ್ತು. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಅಂಗಡಿಯ ಉದ್ರಿ ಲೆಕ್ಕ ಬರೆಯುವ ಅದೇ ದಪ್ಪ ಅಕ್ಷರ, ಏರಿಳಿಯುವ ಸಾಲು. ಕಾಯಿ ರೇಟು ಏರಿದೆ ಎಂದಿತ್ತು. ಅವ್ವ ಆರಾಮಿದ್ದಾಳೆ ಎಂದಿತ್ತು. ಶೀಗಿ ಹುಣ್ಣಿಮೆಗೆ ಗದ್ದಲ ಬಹಳ ಇರುತ್ತದೆ, ಅಂಗಡಿಗೆ ಒಬ್ಬರು ಬೇಕು, ಬಾ ಎಂದಿತ್ತು. ದುಡ್ಡಿನ ಬಗ್ಗೆ ಒಂದಕ್ಷರ ಇರಲಿಲ್ಲ. ಕಾರ್ಡನ್ನು ಯಾರು ಬೇಕಾದರೂ ಓದಬಹುದು ಎಂದೇ ಅಪ್ಪ ಅದನ್ನು ಬಿಟ್ಟಿರಬೇಕು ಎಂದು ಆಮೇಲೆ ಹೊಳೆಯಿತು. ನನ್ನ ಮಾನ ಉಳಿಸಿದ್ದ.

ಹುಣ್ಣಿಮೆಗೆ ಹೋದೆ. ಬೆಳಗಿನಿಂದ ಸಂಜೆಯವರೆಗೆ ಕಾಯಿ ಎಣಿಸಿ ಕೊಟ್ಟೆ, ಚಿಲ್ಲರೆ ಕೊಟ್ಟೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಪ್ಪ ಗಲ್ಲಾಪೆಟ್ಟಿಗೆಯ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ಲೆಕ್ಕ ನೀನೇ ಮಾಡು ಎಂದು ಹೊರಗೆ ಹೋಗಿ ಕೂತ. ಆ ಕೀಲಿಕೈ ಹಿಡಿದು ನಾನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಲೆಕ್ಕ ಮಾಡಿದೆ, ಎರಡು ಸಲ. ಒಂದು ರೂಪಾಯಿ ಹೆಚ್ಚುಕಡಿ ಆಗಲಿಲ್ಲ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ಅವ್ವನ ಓಲೆ ಇನ್ನೂ ಬಿಡಿಸಿಲ್ಲ. ಅವಳ ಕಿವಿಯಲ್ಲಿ ಈಗಲೂ ಬೇವಿನ ಕಡ್ಡಿಯೇ ಇದೆ. ಮೂರರಲ್ಲಿ ಎರಡು ಸಬ್ಜೆಕ್ಟ್ ಪಾಸಾಗಿವೆ, ಒಂದು ಬಾಕಿ. ಪ್ರಬಂಧ ಸ್ಪರ್ಧೆಗೆ ನಾನು ಕೊಡಲೇ ಇಲ್ಲ, ಆ ಸಾವಿರ ಬೇರೆ ಯಾರಿಗೋ ಹೋಯಿತು. ಬರೆಯದೆ ಉಳಿದ ಪ್ರಬಂಧವನ್ನೇ ಈಗ ನಿಮಗೆ ಬರೆದಿದ್ದೇನೆ. ಆದರೆ ಈಗ ಫೋನ್ ಅಪ್ಪನ ಕೈಗೆ ಹೋದರೆ ನಾನು ಕಟ್ ಮಾಡುವುದಿಲ್ಲ. ತಿಂಗಳಿಗೊಂದು ಕಾಗದವನ್ನೂ ಬರೆಯುತ್ತೇನೆ. ಹೋದ ಸಲ ಡ್ಯಾಂನ ಗೇಟು, ಚೈನು, ಕೌಂಟರ್‌ವೇಟ್ ಹೇಗೆ ಕೆಲಸ ಮಾಡುತ್ತವೆ ಎಂದು ಚಿತ್ರ ಬಿಡಿಸಿ ಕಳಿಸಿದ್ದೆ. ಅದನ್ನು ಅಪ್ಪ ಅಂಗಡಿಯ ಹಲಗೆಗೆ ಅಂಟಿಸಿದ್ದಾನಂತೆ.

ಗೆಳೆಯರೇ, ನಿಮಗೂ ಹೇಳಲಾಗದೆ ಉಳಿದ ಮಾತು ಮನೆಯವರೊಂದಿಗೆ ಇರಬಹುದು. ಮುಖ ನೋಡಿ ಹೇಳಲು ಆಗದಿದ್ದರೆ ಎರಡೂವರೆ ರೂಪಾಯಿಯ ಆ ನೀಲಿ ಹಾಳೆ ಈಗಲೂ ಪೋಸ್ಟಾಫೀಸಿನಲ್ಲಿ ಸಿಗುತ್ತದೆ. ಮೊದಲ ಸಾಲನ್ನು ನಿಮ್ಮ ತಪ್ಪಿನಿಂದ ಶುರುಮಾಡಿ. ಮುಂದಿನದು ತಾನಾಗಿ ಬರುತ್ತದೆ.